ನೀತಿ ಕೇಳದ ಕತೆ ಪೀರಿಯಡ್

ನಾನು ಗಟ್ಟಿಯಾಗಿ ಓದಲು ಕಲಿತದ್ದು ಶಾಲೆಯಲ್ಲಿ ಅಲ್ಲ, ಬೀಡಿ ಕಟ್ಟುವ ಹೆಂಗಸರ ನಡುವೆ. ದಕ್ಷಿಣ ಕನ್ನಡದ ಆಲಂಕಾರು ಕಡೆಯ ನಮ್ಮ ಮನೆಯ ಜಗಲಿಯಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಅಮ್ಮ, ದೊಡ್ಡಮ್ಮ, ಆಚೆ ಮನೆಯ ಒಬ್ಬಿಬ್ಬರು ತಡ್ಪೆ (ಗೆರಸೆ) ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದರು. ಎಲೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ಉದುರಿಸಿ, ಸುತ್ತಿ ನೂಲು ಬಿಗಿಯುವ ಕೈಗಳಿಗೆ ಪುಟ ಮಗುಚಲು ಪುರುಸೊತ್ತಿಲ್ಲ. ಹೊತ್ತು ಮುಳುಗುವ ಮೊದಲು ಲೆಕ್ಕ ತುಂಬಿಸಿ ಬೀಡಿ ಬ್ರಾಂಚಿಗೆ ಮುಟ್ಟಿಸಬೇಕು. ಹಾಗಾಗಿ ‘ತರಂಗ’, ‘ಮಂಗಳ’ ವಾರಪತ್ರಿಕೆಗಳ ಧಾರಾವಾಹಿಗಳನ್ನು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಕೇಳುವವರು ದಾಕ್ಷಿಣ್ಯದವರಲ್ಲ. ಒಂದು ಸಾಲು ಹಾರಿಸಿದರೆ ಗೊತ್ತಾಗುತ್ತಿತ್ತು. ಬೆಳದಿಂಗಳ ವರ್ಣನೆ ಉದ್ದವಾದರೆ ದೊಡ್ಡಮ್ಮ, “ಅದು ಇರಲಿ ಮಾರಾಯ್ತಿ, ಅವಳು ಬಾಗಿಲು ತೆಗೆದಳಾ ಇಲ್ಲವಾ ಹೇಳು” ಎನ್ನುತ್ತಿದ್ದರು. ಕಂತು ಮುಗಿದ ಮೇಲೆ ಜಗಳ. ಅತ್ತೆಯದು ತಪ್ಪೋ ಸೊಸೆಯದ್ದೋ, ಆ ಮಗ ಬೆಂಗಳೂರಿನಿಂದ ಬರುವ ಪೈಕಿಯೋ ಅಲ್ಲವೋ. ಕತೆಯವರು ನಮ್ಮ ಬೈಲಿನವರೇ ಎಂಬ ಹಾಗೆ ಮಾತು. ಅಷ್ಟು ವರ್ಷಗಳಲ್ಲಿ ಆ ಜಗಲಿಯಲ್ಲಿ ಯಾರೊಬ್ಬರೂ “ಈ ಕತೆಯಿಂದ ನಾವೇನು ಕಲಿತೆವು?” ಎಂದು ಕೇಳಲಿಲ್ಲ. ಆ ಪ್ರಶ್ನೆ ಶಾಲೆಯಲ್ಲಿ ಮಾತ್ರ ಇತ್ತು, ಪಾಠದ ಕೊನೆಯಲ್ಲಿ, ಎರಡು ಅಂಕಕ್ಕೆ.

ಕಾಲೇಜಿಗೆ ಪುತ್ತೂರಿಗೆ ಹೋಗತೊಡಗಿದ ಮೇಲೆ ಓದು ಬೇರೆ ದಾರಿ ಹಿಡಿಯಿತು. ಉಪ್ಪಿನಂಗಡಿ ಮೇಲೆ ಬರುವ ಬಸ್ಸು ಸ್ಟ್ಯಾಂಡಿಗೆ ಮುಟ್ಟುವ ಮೊದಲು ಬೊಳುವಾರು ದಾಟುತ್ತದೆ. ಅಲ್ಲಿ ಇಳಿಯುವವರು, ಹತ್ತುವವರು, ಅಂಗಡಿ ಬೋರ್ಡು, ಇಷ್ಟೇ ನಾನು ಕಂಡ ಬೊಳುವಾರು. 1951ರಲ್ಲಿ ಹುಟ್ಟಿದ ಬೊಳುವಾರು ಮಹಮದ್ ಕುಂಞಿ ಆ ಹೆಸರನ್ನೇ ಹೊತ್ತ ಲೇಖಕರೆಂದೂ, ಮುತ್ತುಪ್ಪಾಡಿ ಎಂಬ ಇಲ್ಲದ ಹಳ್ಳಿ ಕಟ್ಟಿ ಅದರೊಳಗೆ ನಮ್ಮ ಪೇಟೆ, ನಮ್ಮ ಗುಡ್ಡ, ನಮ್ಮ ನೆರೆಮನೆಯ ಬ್ಯಾರಿ ಮುಸ್ಲಿಮರನ್ನೆಲ್ಲ ಕೂರಿಸಿದ್ದಾರೆಂದೂ ಗೊತ್ತಾದದ್ದು ಲೈಬ್ರರಿಯಲ್ಲಿ. ಸಾವಿರ ಪುಟ ದಾಟುವ ಅವರ ‘ಸ್ವಾತಂತ್ರ್ಯದ ಓಟ’ಕ್ಕೆ 2016ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನನಗೆ ಅದಕ್ಕಿಂತ ಹತ್ತಿರದವು ಅವರ ಸಣ್ಣಕತೆಗಳು. ಮುಸ್ಲಿಂ ಹೆಣ್ಣೊಬ್ಬಳ ಸಂಕಟದ ಕತೆಯಾದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ಯನ್ನು ಅದೇ ವರ್ಷ ಓದಿದೆ. ನಮ್ಮ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದ ಆಚೆ ಮನೆಯ ಐಸಮ್ಮ ಯಾಕೆ ಕೆಲವು ಧಾರಾವಾಹಿಗಳಿಗೆ ಮಾತ್ರ ಮಾತೇ ಆಡುತ್ತಿರಲಿಲ್ಲ ಎಂಬುದು ಆಗ ಸ್ವಲ್ಪ ಅರ್ಥವಾಯಿತು.

ಇನ್ನೊಬ್ಬರ ಹೆಸರು ಹೇಳದೆ ಮುಂದೆ ಹೋಗಲಾರೆ. ಸುಬ್ರಹ್ಮಣ್ಯದ ಹತ್ತಿರದ ಕುಳ್ಕುಂದದಲ್ಲಿ 1924ರಲ್ಲಿ ಹುಟ್ಟಿದ ಶಿವರಾಯ, ಅಂದರೆ ನಿರಂಜನ. ಮೊನ್ನೆ ಮೊನ್ನೆಯವರೆಗೆ ಅದು ಸುಳ್ಯಕ್ಕೆ ಸೇರಿದ್ದ ಊರು, ಈಗ ಕಡಬ ತಾಲ್ಲೂಕು. ನಮ್ಮ ಆಲಂಕಾರೂ ಹಾಗೆಯೇ, ನಾನು ಹುಟ್ಟುವಾಗ ಪುತ್ತೂರು, ಈಗ ಕಡಬ. ತಾಲ್ಲೂಕು ಬದಲಾದರೆ ಬಸ್ಸೇನೂ ಹೆಚ್ಚಾಗುವುದಿಲ್ಲ ಎಂಬುದು ಬೇರೆ ವಿಷಯ. ನಿರಂಜನರೆಂದರೆ ಎಲ್ಲರಿಗೂ ‘ಚಿರಸ್ಮರಣೆ’. ಆದರೆ ನನ್ನನ್ನು ಬರೆಯಲು ಹಚ್ಚಿದ್ದು ಅವರು ಸಂಪಾದಿಸಿದ ‘ವಿಶ್ವಕಥಾಕೋಶ’. ಪಾರ್ಶ್ವವಾಯು ಬಡಿದು ದೇಹ ಮಾತು ಕೇಳದ ಸ್ಥಿತಿಯಲ್ಲೂ ಜಗತ್ತಿನ ದೇಶ ದೇಶಗಳ ಕತೆಗಳನ್ನು ಆರಿಸಿ, ಕನ್ನಡದ ಬೇರೆ ಬೇರೆ ಲೇಖಕರಿಂದ ಅನುವಾದ ಮಾಡಿಸಿ, 25 ಸಂಪುಟ ಮಾಡಿದರು. 1980ರ ದಶಕದ ಆರಂಭದಲ್ಲಿ ನವಕರ್ನಾಟಕ ಅದನ್ನು ಹೊರತಂದಿತು. ಕಾಲೇಜಿನ ಲೈಬ್ರರಿಯಲ್ಲಿ ಅದರ ಬಿಡಿ ಸಂಪುಟಗಳಿದ್ದವು, ಬೂಷ್ಟು ಹಿಡಿದು ಅಂಚು ಹಸಿರಾಗಿ. ಆಫ್ರಿಕದ ಹಳ್ಳಿಯ ಅತ್ತೆಯೂ ಚೀನಾದ ಜಮೀನ್ದಾರನೂ ಅಮ್ಮನ ಜಗಲಿಗೆ ಬಂದರೆ ಹೆಂಗಸರು ಇವರನ್ನೂ ಬಿಡುತ್ತಿರಲಿಲ್ಲ ಎಂದು ಓದುವಾಗಲೆಲ್ಲ ಅನಿಸುತ್ತಿತ್ತು.

ಶಿಕ್ಷಕ ತರಬೇತಿ ಮುಗಿಸಿ ಸುಳ್ಯ ತಾಲ್ಲೂಕಿನ ಒಂದು ಸರಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾದೆ. ಅತಿಥಿ ಎಂದರೆ ಜೂನ್‌ನಲ್ಲಿ ಬಂದು ಮಾರ್ಚ್‌ಗೆ ಹೋಗುವವರು. ಬೇಸಗೆಯಲ್ಲಿ ಸಂಬಳವಿಲ್ಲ, ಬರುವ ವರ್ಷದ ಖಾತ್ರಿಯಿಲ್ಲ. ಶಾಲೆಯ ಹಿಂದೆ ರಬ್ಬರ್ ತೋಟ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳಿಗೆ ನಮ್ಮ ಕಡೆಯ ಅರಣ್ಯ ಅಭಿವೃದ್ಧಿ ನಿಗಮದ ತೋಟಗಳಲ್ಲಿ ಕೆಲಸ ಕೊಟ್ಟರು. ಈಗ ಅವರ ಮೊಮ್ಮಕ್ಕಳು, ಮರಿಮಕ್ಕಳು ನಮ್ಮ ಶಾಲೆಗಳಲ್ಲಿದ್ದಾರೆ. ನಲಿಕಲಿಯ ಒಂದೇ ಕೋಣೆಯಲ್ಲಿ ಒಂದರಿಂದ ಮೂರನೇ ತರಗತಿವರೆಗಿನ ಮಕ್ಕಳು. ಮನೆಯಲ್ಲಿ ತುಳು ಆಡುವವರು, ಅರೆಭಾಷೆಯವರು, ಬ್ಯಾರಿ, ಮಲಯಾಳಿ, ಮರಾಟಿ, ತಮಿಳು. ಪುಸ್ತಕದ ಕನ್ನಡ ಯಾರ ಮನೆಯ ಒಲೆ ಹತ್ತಿರವೂ ಇಲ್ಲ.

ಪುಸ್ತಕಗಳಿದ್ದವು. ಗಾಜಿನ ಕಪಾಟಿನಲ್ಲಿ, ಬೀಗ ಹಾಕಿ. ಕೊಟ್ಟರೆ ಹರಿಯುತ್ತವೆ, ಲೆಕ್ಕ ಯಾರು ಕೊಡುವುದು ಎಂಬ ಹೆದರಿಕೆ ಹೆಚ್ಚಿನ ಶಾಲೆಗಳಲ್ಲಿ ಇದ್ದದ್ದೇ. ಕೀ ಕೇಳಿ ತೆಗೆದುಕೊಂಡು, ಚಿತ್ರವಿರುವ ತೆಳು ಪುಸ್ತಕಗಳನ್ನು ಆರಿಸಿ ನಲಿಕಲಿ ಕೋಣೆಯ ಚಪ್ಪರದ ದಾರಕ್ಕೆ ಬಟ್ಟೆ ಕ್ಲಿಪ್ಪಿನಲ್ಲಿ ಸಿಕ್ಕಿಸಿದೆ. ಮಕ್ಕಳ ಕೈಗೆ ಎಟಕುವಷ್ಟು ಕೆಳಗೆ. ಮಧ್ಯಾಹ್ನದ ಬಿಸಿಯೂಟವಾದ ಮೇಲೆ ದಿನಾ ಒಂದು ಕತೆ, ನಾನೇ ಓದಿ ಹೇಳುವುದು. ಅದರ ಮೇಲೆ ಪ್ರಶ್ನೆಯಿಲ್ಲ, ಕಾಪಿ ಬರೆಯುವುದಿಲ್ಲ, ನೀತಿಯಂತೂ ಇಲ್ಲವೇ ಇಲ್ಲ.

ಒಂದು ದಿನ ಪಂಜೆ ಮಂಗೇಶರಾಯರ ‘ಸಿಗಡಿ ಯಾಕೆ ಒಣಗಲಿಲ್ಲ?’ ಓದಿದೆ. ಬಂಟ್ವಾಳದಲ್ಲಿ ಹುಟ್ಟಿ, ಶಾಲಾ ಇನ್ಸ್‌ಪೆಕ್ಟರ್ ಆಗಿ ಇದೇ ಜಿಲ್ಲೆಯ ಶಾಲೆಗಳನ್ನು ಕಂಡವರು ಅವರು. ಒಬ್ಬರ ತಪ್ಪು ಇನ್ನೊಬ್ಬರ ತಲೆಗೆ ಹೋಗುವ ಆ ಸರಪಳಿ ಕತೆಗೆ ನೂರು ವರ್ಷದ ಹತ್ತಿರ ಹತ್ತಿರ ಆಯಿತು, ಕೂತ ಮಕ್ಕಳನ್ನು ಇವತ್ತಿಗೂ ಏಳಲು ಬಿಡುವುದಿಲ್ಲ. ಎರಡು ಸಾಲು ಆಗುವಾಗಲೇ ಮೀನು ತಿನ್ನದ ಮನೆಯ ಹುಡುಗಿಯೊಬ್ಬಳು ಕೈ ಎತ್ತಿದಳು. “ಟೀಚರ್, ಸಿಗಡಿ ಅಂದರೆ ಹಪ್ಪಳದ ಹಾಗೆ ಒಣಗಿಸುವುದಾ?” ಕೋಣೆ ಇಡೀ ನಗೆ. “ಅದು ಎಟ್ಟಿ ಮಾರಾಯ್ತಿ, ಚಟ್ನಿ ಮಾಡುದು” ಎಂದ ಒಬ್ಬ. ಕಾಲೆಷ್ಟು, ಮೀಸೆ ಎಷ್ಟುದ್ದ ಎಂದು ಇನ್ನೊಬ್ಬ ಸ್ಲೇಟಿನಲ್ಲಿ ಗೀಚಿ ತೋರಿಸಿದ. ಆಗ ರಬ್ಬರ್ ತೋಟದ ಕೆಲಸಗಾರರ ಲೈನ್ ಮನೆಯ ಹುಡುಗಿ, ಹಾಜರಿಗೆ ಬಿಟ್ಟರೆ ಬಾಯಿ ತೆರೆಯದವಳು, ಎದ್ದು ನಿಂತು ಅವರ ಅಜ್ಜಿ ಮೀನು ಒಣಗಿಸಿ ಕರುವಾಡು ಮಾಡುವ ಸಂಗತಿ ಹೇಳಿದಳು. ಅರ್ಧ ತಮಿಳು, ಅರ್ಧ ಕನ್ನಡ, ನಡುವೆ ತುಳು. ಕಾಗೆ ಓಡಿಸಲು ಅವಳನ್ನೇ ಕೋಲು ಕೊಟ್ಟು ಕೂರಿಸುತ್ತಾರಂತೆ, ಶೀಟಿನ ಮೇಲೆ ಬೆಕ್ಕೂ ಹತ್ತುತ್ತದಂತೆ. ಪಂಜೆಯವರ ಕತೆ ಅರ್ಧಕ್ಕೆ ನಿಂತಿತು. ನಿಲ್ಲಲಿ ಎಂದು ಬಿಟ್ಟೆ. ಉಳಿದದ್ದು ಮರುದಿನ.

ತಮ್ಮ ಮನೆಯ ಹಾಗಿರುವ ಮನೆ ಪುಸ್ತಕದಲ್ಲಿ ಸಿಕ್ಕಿದರೆ ಮಕ್ಕಳು ಅರಳುತ್ತಾರೆ ಎಂದು ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಅದು ಪೂರ್ತಿ ನಿಜವಲ್ಲ ಎಂದು ಕಂಡದ್ದು ಬೇರೊಂದು ದಿನ. ಕತೆಯಲ್ಲಿ ಬ್ಯಾರಿ ಮನೆಯವರು ಅಮ್ಮನಿಗೆ ಹೇಳುವ ‘ಉಮ್ಮ’ ಎಂಬ ಮಾತು ಬಂದ ಕೂಡಲೇ ಎಲ್ಲರೂ ಒಬ್ಬ ಹುಡುಗನತ್ತ ತಿರುಗಿದರು. ಕೆಟ್ಟ ಮನಸ್ಸಿನಿಂದಲ್ಲ. ಆದರೆ ಅವನು ತಲೆ ಬಗ್ಗಿಸಿ ಚಾಪೆಯ ಕಡ್ಡಿ ಕೀಳತೊಡಗಿದ. ಅಲ್ಲಿಯವರೆಗೆ ಕತೆ ಕೇಳುತ್ತಿದ್ದವನು ಈಗ ಒಂದು ಜಾತಿಗೆ ಉತ್ತರ ಹೇಳಬೇಕಾದವನಾದ. ದೊಡ್ಡವರಾದ ನಾವು ಕೂಡ ಹೀಗೆಯೇ ಮಾಡುತ್ತೇವೆ. ಬೊಳುವಾರರನ್ನು ಮುಸ್ಲಿಮರ ಬಗ್ಗೆ ತಿಳಿಯಲು, ‘ಚೋಮನ ದುಡಿ’ಯನ್ನು ದಲಿತರ ಬಗ್ಗೆ ತಿಳಿಯಲು ಓದಬೇಕು ಎನ್ನುತ್ತೇವೆ. ಶಿವರಾಮ ಕಾರಂತರ ಚೋಮ ಬೇಸಾಯ ಮಾಡಲು ಹಂಬಲಿಸುವ ಒಬ್ಬ ಹಟಮಾರಿ ಮುದುಕ, ಅವನಿಗೆ ಅವನದೇ ಸಿಟ್ಟು, ಅವನದೇ ದುಡಿ. ಅದು ಮರೆತುಹೋಗುತ್ತದೆ. ನೀತಿ ಕೇಳುವುದೂ ಒಬ್ಬರನ್ನು ಒಂದು ಜಾತಿಯ ಪ್ರತಿನಿಧಿ ಮಾಡುವುದೂ ನನ್ನ ಲೆಕ್ಕದಲ್ಲಿ ಒಂದೇ ಜಾತಿಯ ಕೆಲಸ. ಎರಡರಲ್ಲೂ ಕತೆ ಹಿಂದೆ ಬೀಳುತ್ತದೆ.

ಅದರ ನಂತರ ಒಂದು ಮನೆಯ ಕತೆಯನ್ನು ಒಂಟಿಯಾಗಿ ಓದುವುದು ಬಿಟ್ಟೆ. ವಾರದಲ್ಲಿ ಐದಾರು ಬಗೆಯ ಮನೆಗಳು ಬರುವ ಹಾಗೆ ಜೋಡಿಸುತ್ತೇನೆ. ಒಂದು ದಿನ ಉಮ್ಮ, ಒಂದು ದಿನ ಆಫ್ರಿಕದ ಅಜ್ಜಿ, ಒಂದು ದಿನ ಬರೀ ಆನೆ. ಯಾವ ಕತೆ ಯಾರದ್ದು ಎಂದು ಮಕ್ಕಳಿಗೆ ಲೆಕ್ಕ ಇಡಲಾಗದ ಹಾಗೆ. ಪುಸ್ತಕ ಸಾಲದಾಗ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಉಚಿತವಾಗಿ ಸಿಗುವ ಕನ್ನಡ ಚಿತ್ರಕತೆಗಳನ್ನು ಸುಳ್ಯ ಪೇಟೆಯಲ್ಲಿ ನೆಟ್‌ವರ್ಕ್ ಇರುವಾಗ ಇಳಿಸಿಕೊಂಡು ಹೋಗುತ್ತೇನೆ. ನಮ್ಮ ಶಾಲೆಯ ಗುಡ್ಡದಲ್ಲಿ ರೇಂಜ್ ಸಿಗುವುದು ಧ್ವಜಕಟ್ಟೆಯ ಹತ್ತಿರ ಮಾತ್ರ. ಮಕ್ಕಳು ಯಾವ ಭಾಷೆಯಲ್ಲಿ ತಿರುಗಿ ಹೇಳಿದರೂ ತಿದ್ದುವುದಿಲ್ಲ. “ಹೀಗಾದರೆ ಕನ್ನಡ ಯಾವಾಗ ಬರುವುದು?” ಎಂದು ಕೇಳಿದ ಪೋಷಕರಿದ್ದಾರೆ. ಬರುತ್ತದೆ. ಮುಂದೇನಾಯಿತು ಎಂದು ತಿಳಿಯುವ ಆಸೆ ಹುಟ್ಟಿದ ಮಗು ಅಕ್ಷರ ಕೂಡಿಸುವುದನ್ನು ಕಾಪಿ ಬರೆದ ಮಗುವಿಗಿಂತ ಬೇಗ ಕಲಿಯುತ್ತದೆ. ನಾನು ಕಂಡದ್ದು ಇಷ್ಟು.

ನನ್ನ ಬರವಣಿಗೆಗೂ ಆ ಕೋಣೆಯಿಂದ ಲಾಭವಾಗಿದೆ. ನಾಲ್ಕಾರು ಕತೆಗಳು ಪತ್ರಿಕೆಗಳಲ್ಲಿ ಬಂದಿವೆ. ಈಗ ಕಳಿಸುವ ಮೊದಲು ಗಟ್ಟಿಯಾಗಿ ಓದುತ್ತೇನೆ, ಮಕ್ಕಳು ಎಲ್ಲಿ ಕಿಟಕಿ ನೋಡುತ್ತಿದ್ದರು ಎಂದು ನೆನೆದು ಅಲ್ಲಿ ಹೊಡೆದು ಹಾಕುತ್ತೇನೆ. ಹೆಚ್ಚಾಗಿ ಹೋಗುವುದು ಮೊದಲ ಪ್ಯಾರಾ.

ಓದಿ ಹೇಳಲು ಕೋಣೆಯೇ ಬೇಕೆಂದಿಲ್ಲ. ಪುತ್ತೂರಿನ ಪರ್ಲಡ್ಕದ ಬಾಲವನಕ್ಕೆ ಶಾಲೆಗಳಿಂದ ಪ್ರವಾಸ ಬರುತ್ತಾರೆ. ಕಾರಂತರು ಮಕ್ಕಳೊಡನೆ ಪಾಠ, ನಾಟಕ, ಕುಣಿತ ಎಂದು ಪ್ರಯೋಗ ಮಾಡಿದ ಜಾಗ. ‘ಬಾಲ ಪ್ರಪಂಚ’ ಬರೆದವರ ಮನೆ. ಮಕ್ಕಳು ಸಾಲಾಗಿ ಬಂದು, ಫೋಟೊ ತೆಗೆಸಿಕೊಂಡು, ಬಸ್ಸು ಹತ್ತುತ್ತಾರೆ. ಕಾರಂತರಿಗೆ ಜ್ಞಾನಪೀಠ ಬಂದ ಇಸವಿ 1977 ಎಂದು ಬರೆದುಕೊಳ್ಳಲು ಹೇಳುತ್ತಾರೆ. ಅಲ್ಲಿಯೇ ಮರದಡಿ ಕೂರಿಸಿ ಅರ್ಧ ಗಂಟೆ ಏನಾದರೂ ಓದಿ ಹೇಳುವ ಶಿಕ್ಷಕರು ವಿರಳ. ಸುಬ್ರಹ್ಮಣ್ಯದ ಘಟ್ಟದ ಬುಡದಲ್ಲಿ ನಡೆಯುವ ‘ಬೆಟ್ಟದ ಜೀವ’ದ ಒಂದು ಅಧ್ಯಾಯ ಹೈಸ್ಕೂಲಿನವರಿಗೆ ಸಾಕು. ದಾರಿ ತಪ್ಪಿ ಬಂದವನಿಗೆ ಗೋಪಾಲಯ್ಯನ ಮನೆಯಲ್ಲಿ ನಡೆಯುವ ಉಪಚಾರ ನಮ್ಮ ಮಕ್ಕಳಿಗೆ ಯಾವ ಟಿಪ್ಪಣಿಯೂ ಇಲ್ಲದೆ ಗೊತ್ತಾಗುತ್ತದೆ. ‘ಮೂಕಜ್ಜಿಯ ಕನಸುಗಳು’ ಮಾತ್ರ ಅವಸರ ಮಾಡಿ ಓದಿಸಬೇಡಿ, ಅದಕ್ಕೆ ಸ್ವಲ್ಪ ಪ್ರಾಯ ಆಗಬೇಕು.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಮಕ್ಕಳು ದೊಡ್ಡವರಾಗಿದ್ದರೆ ಅವರ ಚಿತ್ರಪುಸ್ತಕಗಳನ್ನು ಗುಜರಿಗೆ ಹಾಕಬೇಡಿ. ಹತ್ತಿರದ ಸರಕಾರಿ ಶಾಲೆಗೋ ಪಂಚಾಯತಿನ ಅರಿವು ಕೇಂದ್ರಕ್ಕೋ (ಗ್ರಂಥಾಲಯಕ್ಕೋ) ಕೊಡಿ. ಶಾಲೆಗೆ ಕೊಡುವುದಾದರೆ ಸಮಾರಂಭ ಬೇಡ, ಕಪಾಟಿನ ಕೀ ಇರುವವರ ಕೈಗೂ ಬೇಡ, ನಲಿಕಲಿ ಕೋಣೆಯ ಟೀಚರ್ ಕೈಗೇ ಕೊಡಿ.