ನಾಯಿಮರಿಗೆ ಮನೆ ಊಟ ಬಿಡಿಸಿ ಒಣ ಆಹಾರ ರೂಢಿಸಿದ್ದು ಹೇಗೆ?

ಹಂದಿ, ಮಂಗನ ಕಾಟ ಇರುವ ಮಲೆನಾಡಿನ ತೋಟದಲ್ಲಿ ನಾಯಿ ಇಲ್ಲದೆ ನಡೆಯೋದಿಲ್ಲ. ಹಸುವಿಗೆ ಹಿಂಡಿ ಎಷ್ಟು, ಖನಿಜ ಮಿಶ್ರಣ ಎಷ್ಟು ಅಂತ ಲೆಕ್ಕ ಹಾಕುವ ನಾವು ನಾಯಿಗೆ ಮಾತ್ರ ಉಳಿದದ್ದನ್ನು ಹಾಕಿ ಸುಮ್ಮನಾಗ್ತೀವಿ. ನಾನೂ ಹಾಗೇ ಮಾಡಿ ಪಾಠ ಕಲಿತೆ.

ಎರಡು ತಿಂಗಳ ಮರಿ ಕೆಂಚನನ್ನು ತಂದಾಗಿನಿಂದ ಅನ್ನಕ್ಕೆ ನೀರು ಹಾಲು ಕಲಸಿ ಹಾಕ್ತಿದ್ದೆವು. ರಾತ್ರಿ ಉಳಿದ ಸಾರು, ಭಾನುವಾರ ಕೋಳಿ ಚೂರು. ಹೊಟ್ಟೆ ಗುಂಡಗಿತ್ತು, ಚೆನ್ನಾಗಿ ಬೆಳೀತಿದೆ ಅಂದುಕೊಂಡಿದ್ದೆ. ನಾಲ್ಕು ತಿಂಗಳಾಗುವಾಗ ಮುಂಗಾಲು ಎರಡೂ ಬಿಲ್ಲಿನ ಹಾಗೆ ಬಾಗಿದವು. ಮೆಟ್ಟಿಲು ಹತ್ತಲು ಅಳುತ್ತಿತ್ತು.

ಪಶುವೈದ್ಯರು ಮುಟ್ಟಿ ನೋಡಿ, ಏನು ಹಾಕ್ತೀರಿ ಅಂತ ಕೇಳಿದರು. ನಾನು ಹೇಳಿದ್ದನ್ನು ಕೇಳಿ, "ಹೊಟ್ಟೆ ತುಂಬಿಸಿದ್ದೀರಿ, ಮೂಳೆ ತುಂಬಿಸಿಲ್ಲ" ಅಂದರು.

ತಪ್ಪಾಗಿದ್ದೆಲ್ಲಿ?

ಅನ್ನದಲ್ಲೂ ಮಾಂಸದಲ್ಲೂ ರಂಜಕ ಹೆಚ್ಚು, ಕ್ಯಾಲ್ಸಿಯಂ ತೀರಾ ಕಡಿಮೆ. ಬೆಳೆಯುವ ಮರಿಗೆ ಕ್ಯಾಲ್ಸಿಯಂ ರಂಜಕಕ್ಕಿಂತ ತುಸು ಹೆಚ್ಚೇ ಇರಬೇಕು. ಸಾಲದಿದ್ದರೆ ದೇಹ ಮೂಳೆಯಿಂದಲೇ ತೆಗೆದುಕೊಳ್ಳುತ್ತೆ, ಮೂಳೆ ಮೆತ್ತಗಾಗುತ್ತೆ. ಬಿಸಿಲಲ್ಲಿ ಓಡಾಡುತ್ತಲ್ಲ ಅಂತ ನಾನು ಕೇಳಿದೆ. ನಮ್ಮ ಹಾಗೆ ನಾಯಿಯ ಚರ್ಮ ಬಿಸಿಲಿನಿಂದ ಸಾಕಷ್ಟು ವಿಟಮಿನ್ ಡಿ ತಯಾರಿಸೋದಿಲ್ಲ, ಅದು ಆಹಾರದಿಂದಲೇ ಬರಬೇಕಂತೆ. ರಾಗಿಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ, ಆದರೆ ಬರೀ ಮುದ್ದೆಯಲ್ಲಿ ಪ್ರೋಟೀನ್ ಸಾಲದು. ಇನ್ನು ಸಾರಿನ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನೇ ಹಾಳು ಮಾಡುತ್ತವೆ.

ಮನೆ ಊಟ ಕೆಟ್ಟದ್ದು ಅಂತಲ್ಲ. ವೈದ್ಯರಿಂದ ಪ್ರಮಾಣ ತಿಳಿದು ಮಾಡಿದರೆ ಒಳ್ಳೆಯದೇ. ಕೊಯ್ಲಿನ ಕಾಲದಲ್ಲಿ ಆ ಲೆಕ್ಕ ದಿನಾ ನಮ್ಮಿಂದ ಆಗೋದಿಲ್ಲ ಅಂತ ಒಣ ಆಹಾರಕ್ಕೆ ಬದಲಿಸಿದೆ.

ಒಂದೇ ದಿನಕ್ಕೆ ಬದಲಿಸಬೇಡಿ

ನಾನು ಮಾಡಿದ ಎರಡನೇ ತಪ್ಪು ಇದು. ಮೊದಲ ದಿನವೇ ಬಟ್ಟಲು ತುಂಬ ಕಾಳು ಸುರಿದೆ. ಮಾರನೆ ದಿನ ಭೇದಿ. ಅಮ್ಮ, "ಮನೇಲಿ ಅನ್ನ ಇಟ್ಕೊಂಡು ಅಂಗಡಿ ಕಾಳು ಹಾಕ್ತೀಯಲ್ಲೋ, ಅದೇನು ಕೋಳಿನಾ?" ಅಂತ ಬೈದರು. ಆಮೇಲೆ ವೈದ್ಯರು ಹೇಳಿದಂತೆ ಮಾಡಿದೆ:

- 1ರಿಂದ 3ನೇ ದಿನ: ಮುಕ್ಕಾಲು ಹಳೆ ಊಟ, ಕಾಲು ಭಾಗ ಒಣ ಆಹಾರ
- 4ರಿಂದ 6: ಅರ್ಧ, ಅರ್ಧ
- 7ರಿಂದ 9: ಕಾಲು ಹಳೆಯದು, ಮುಕ್ಕಾಲು ಹೊಸದು
- 10ನೇ ದಿನದಿಂದ: ಪೂರ್ತಿ ಹೊಸದು

ಸಗಣಿ ತೆಳುವಾದರೆ ಒಂದು ಹಂತ ಹಿಂದಕ್ಕೆ ಹೋಗಿ ಎರಡು ದಿನ ನಿಲ್ಲಿ. ಮರಿ ಪದೇ ಪದೇ ವಾಂತಿ ಮಾಡಿದರೆ ಅಥವಾ ಭೇದಿಯಲ್ಲಿ ರಕ್ತ ಕಂಡರೆ ಅದು ಆಹಾರದ ವಿಷಯ ಅಂತ ಕಾಯಬೇಡಿ, ತಕ್ಷಣ ವೈದ್ಯರ ಹತ್ತಿರ ಹೋಗಿ. ತಿನ್ನದಿದ್ದರೆ ಉಗುರುಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ನೆನೆಸಿ ಕೊಡಿ. ಅರ್ಧ ಗಂಟೆ ಬಿಟ್ಟು ಬಟ್ಟಲು ತೆಗೆದುಬಿಡಿ.

ಚೀಲದ ಹಿಂದೆ ಏನು ನೋಡಬೇಕು?

ಚಿತ್ರ ನೋಡಿ ಕೊಳ್ಳಬೇಡಿ. ಮರಿಗೆ ಮರಿಯದ್ದೇ ಆಹಾರ ಬೇಕು: ಪ್ರೋಟೀನ್ ಶೇ. 22ಕ್ಕಿಂತ ಕಡಿಮೆ ಇರಬಾರದು, ಕ್ಯಾಲ್ಸಿಯಂ ಶೇ. 1.2ರ ಆಸುಪಾಸು ಇರಲಿ. ಪೂರ್ಣ, ಸಮತೋಲನ ಆಹಾರ ಅಂತ ಬರೆದಿರಬೇಕು. ಇದರ ಮೇಲೆ ನಾವಾಗೇ ಕ್ಯಾಲ್ಸಿಯಂ ಸಿರಪ್ ಹಾಕಬಾರದು. ದೊಡ್ಡ ಜಾತಿ ಮರಿಗಳಿಗೆ ಕ್ಯಾಲ್ಸಿಯಂ ಹೆಚ್ಚಾದರೂ ಮೂಳೆ ಕೆಡುತ್ತೆ.

ಒಣ ಆಹಾರದಲ್ಲಿ ನೀರಿನ ಅಂಶ ಶೇ. 10ರಷ್ಟು ಮಾತ್ರ. ಪಕ್ಕದಲ್ಲಿ ಯಾವಾಗಲೂ ಶುದ್ಧ ನೀರಿರಲಿ.

ಖರ್ಚಿನ ಲೆಕ್ಕ

15 ಕೆಜಿ ತೂಕದ ಬೆಳೆದ ನಾಯಿಗೆ ದಿನಕ್ಕೆ ಸುಮಾರು 250 ಗ್ರಾಂ, ಅಂದರೆ ತಿಂಗಳಿಗೆ ಏಳೆಂಟು ಕೆಜಿ ಬೇಕು. ನಿಮ್ಮೂರ ದರದಿಂದ ಗುಣಿಸಿ ನೋಡಿ. ಬೆಳೆಯುವ ಮರಿಗೆ ಚೀಲದ ಮೇಲಿನ ಪಟ್ಟಿ ನೋಡಿ, ದಿನಕ್ಕೆ ಮೂರು ಹೊತ್ತು ಹಂಚಿ ಕೊಡಿ. ತೂಕಕ್ಕೆ ಮರಿಯನ್ನು ಎತ್ತಿಕೊಂಡು ತಕ್ಕಡಿ ಮೇಲೆ ನಿಂತು, ನಿಮ್ಮ ತೂಕ ಕಳೆದರಾಯ್ತು. ಪಕ್ಕೆಲುಬು ಕೈಗೆ ಸಿಗಬೇಕು, ಕಣ್ಣಿಗೆ ಎದ್ದು ಕಾಣಬಾರದು. ಜಂತು ಔಷಧಿ ತಪ್ಪಿಸಬೇಡಿ, ಇಲ್ಲದಿದ್ದರೆ ನೀವು ದುಡ್ಡು ಕೊಟ್ಟಿದ್ದು ಹುಳಕ್ಕೆ.

ಮಳೆಗಾಲದಲ್ಲಿ ಜೋಪಾನ

ತೇವ ಹಿಡಿದ ಜೋಳ, ಶೇಂಗಾಕ್ಕೆ ಬೂಸ್ಟು ಬಂದು ವಿಷವಾಗೋದು ನಮಗೆ ಗೊತ್ತು. ಒಣ ಆಹಾರಕ್ಕೂ ಅದೇ ಅಪಾಯ, ಆ ಅಫ್ಲಾಟಾಕ್ಸಿನ್ ನಾಯಿಯ ಯಕೃತ್ತಿಗೆ ಹೊಡೆತ. ತಿಂಗಳಿಗೆ ಬೇಕಾದಷ್ಟೇ ಕೊಳ್ಳಿ. ಚೀಲ ಸಮೇತ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ನೆಲಕ್ಕೆ ತಾಗಿಸಬೇಡಿ. ಇಲಿ ಮುಟ್ಟಿದ್ದನ್ನು ಹಾಕಬೇಡಿ, ಇಲಿಯ ಮೂತ್ರದಿಂದ ಇಲಿಜ್ವರ ನಾಯಿಗೂ ನಮಗೂ ಬರುತ್ತೆ.

ಕೆಂಚನಿಗೆ ಈಗ ಒಂದೂವರೆ ವರ್ಷ. ಎಡಗಾಲು ಪೂರ್ತಿ ನೆಟ್ಟಗಾಯಿತು. ಬಲಗಾಲು ಇನ್ನೂ ಸ್ವಲ್ಪ ಸೊಟ್ಟಗಿದೆ, ಅದು ಹಾಗೇ ಉಳಿಯುತ್ತೆ ಅಂದಿದ್ದಾರೆ. ರಾತ್ರಿ ತೋಟ ಸುತ್ತುತ್ತೆ, ಹಂದಿ ಬಂದರೆ ಬೊಗಳಿ ಎಬ್ಬಿಸುತ್ತೆ. ಓಡುವಾಗ ಆ ಕಾಲು ನೋಡಿದಾಗೆಲ್ಲ ಎರಡು ತಿಂಗಳು ಮೊದಲೇ ಕೇಳಬೇಕಿತ್ತು ಅನಿಸುತ್ತೆ. ನಿಮ್ಮನೆಗೆ ಮರಿ ಬಂದಿದ್ದರೆ ಇವತ್ತೇ ಅದರ ಬಟ್ಟಲಲ್ಲಿ ಏನಿದೆ ನೋಡಿ.