ಮಧ್ಯಾಹ್ನದ ಫೋನು

ಪ್ರಶ್ನೆ: ನನಗೆ 34 ವರ್ಷ, ಗೃಹಿಣಿ. ಪತಿಗೆ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೆಲಸ. ರಾತ್ರಿ ಹತ್ತಕ್ಕೆ ಬಂದು ಊಟ ಮಾಡಿ ಮೊಬೈಲ್ ಹಿಡಿದರೆ ಮುಗಿಯಿತು. ಜಪಾನಿನ ವಯಸ್ಕರ ಚಿತ್ರಗಳನ್ನು ನೋಡುತ್ತಾರೆಂದು ಈಚೆಗೆ ಗೊತ್ತಾಯಿತು. ಗಂಡ ಆಫೀಸಿಗೆ ಹೋದಾಗ ಹೆಂಡತಿ ಪರಪುರುಷನ ಜೊತೆ, ಎಲ್ಲದರಲ್ಲೂ ಇದೇ ಕತೆ. ಈಗ ದಿನಾ ಮಧ್ಯಾಹ್ನ ಫೋನ್ ಮಾಡಿ, ‘ಮನೆಗೆ ಯಾರು ಬಂದಿದ್ರು?’ ಅಂತಾರೆ. ನಮ್ಮಿಬ್ಬರ ನಡುವೆ ದೇಹಸಂಬಂಧ ನಿಂತು ವರ್ಷವಾಗುತ್ತ ಬಂತು. ತಪ್ಪು ನನ್ನದೇ?
– ಹೆಸರು ಬೇಡ, ಅಮೃತಹಳ್ಳಿ

ಉತ್ತರ: ನಿಮ್ಮ ತಪ್ಪೇನೂ ನನಗೆ ಕಾಣಲಿಲ್ಲ. ಆ ಕತೆ ಹುಟ್ಟಿದ್ದು ಹೇಗೆಂದು ಹೇಳುತ್ತೇನೆ, ಅವರಿಗೂ ಓದಿಸಿ. ಟೀವಿ ಬಂದು ಚಿತ್ರಮಂದಿರಗಳಿಗೆ ಜನ ಕಡಿಮೆಯಾದಾಗ ಜಪಾನಿನ ಹಳೆಯ ಸ್ಟುಡಿಯೊ ನಿಕ್ಕಾತ್ಸು ಬದುಕಿಕೊಳ್ಳಲು ‘ರೋಮನ್ ಪೋರ್ನೊ’ ಎಂಬ ಸಾಲು ಶುರುಮಾಡಿತು. 1971ರ ನವೆಂಬರಿನಲ್ಲಿ ಅದಕ್ಕೆ ನಾಂದಿ ಹಾಡಿದ್ದು ಶೋಗೊರೊ ನಿಶಿಮುರಾ ನಿರ್ದೇಶನದ, ಕಜುಕೊ ಶಿರಕಾವಾ ನಟಿಸಿದ ಚಿತ್ರ. ಒಂದೇ ಅಚ್ಚಿನ ಫ್ಲ್ಯಾಟುಗಳ ಬಡಾವಣೆ, ದುಡಿದು ದಣಿದು ಬರುವ ಗಂಡ, ಬೇಸತ್ತ ಹೆಂಡತಿ. ಅವಳ ಗುಟ್ಟು ಹಿಡಿದ ನೆರೆಮನೆಯವಳು ಬೆದರಿಸಿ ಅವಳನ್ನು ಮೈ ಮಾರುವ ದಂಧೆಗೆ ದೂಡುತ್ತಾಳೆ. ಚಿತ್ರ ಗೆದ್ದಿತು, ಸರಣಿಯಾಯಿತು. ನಿರ್ದೇಶಕರಿಗೆ ಇದ್ದ ಕರಾರು: ಸುಮಾರು ಎಪ್ಪತ್ತು ನಿಮಿಷದ ಚಿತ್ರ, ಹೆಚ್ಚುಕಡಿಮೆ ಹತ್ತು ನಿಮಿಷಕ್ಕೊಂದು ಹಾಸಿಗೆಯ ದೃಶ್ಯ. ಆ ಲೆಕ್ಕ ತುಂಬಬೇಕಾದರೆ ಪಾಪ, ನಾಯಕಿ ಬಾಗಿಲು ತಟ್ಟಿದವರನ್ನೆಲ್ಲ ಒಳಗೆ ಕರೆಯಲೇಬೇಕು! 1988ರಲ್ಲಿ ಆ ಸಾಲು ನಿಂತರೂ ವಿಡಿಯೊದವರು ಕತೆಯನ್ನು ಬಿಡಲಿಲ್ಲ.

ವಿಚಿತ್ರವೆಂದರೆ, ನಿಮ್ಮವರು ಆ ಹೆಂಡತಿಯನ್ನು ನಿಮ್ಮಲ್ಲಿ ಹುಡುಕುತ್ತಿದ್ದಾರೆ. ಅದೇ ಚಿತ್ರದಲ್ಲಿರುವ, ರಾತ್ರಿ ಬಂದು ಮುಖ ತಿರುಗಿಸಿ ಮಲಗುವ ಗಂಡ ಮಾತ್ರ ಅವರ ಕಣ್ಣಿಗೆ ಬಿದ್ದಿಲ್ಲ.

ಮೊಬೈಲ್ ಕಿತ್ತುಕೊಳ್ಳಬೇಡಿ, ಜಗಳ ಅದರ ಸುತ್ತಲೇ ತಿರುಗುತ್ತದೆ. ರಜೆಯ ದಿನ ಕೂರಿಸಿಕೊಂಡು ಎರಡು ಮಾತು ನೇರವಾಗಿ ಹೇಳಿ: ಆ ಫೋನು ನಿಮಗೆ ಅವಮಾನ, ವರ್ಷದ ದೂರ ನಿಮಗೂ ನೋವು. ಸಕ್ಕರೆ ಕಾಯಿಲೆ, ಬಿಪಿ ಮಾತ್ರೆ, ಖಿನ್ನತೆ, ಇವುಗಳಿಂದಲೂ ಆಸಕ್ತಿ ಕುಗ್ಗುತ್ತದೆ. ನಾಚಿಕೆಗೆ ಗಂಡಸರು ಬಾಯಿಬಿಡುವುದಿಲ್ಲ. ಮೊದಲು ವೈದ್ಯರ ತಪಾಸಣೆ, ಆಮೇಲೆ ಇಬ್ಬರೂ ಕೂಡಿ ಆಪ್ತಸಮಾಲೋಚನೆ. ಸಿನಿಮಾ ನೋಡಲೇಬೇಕೆಂದರೆ ಪುಟ್ಟಣ್ಣ ಕಣಗಾಲರ ‘ಎಡಕಲ್ಲು ಗುಡ್ಡದ ಮೇಲೆ’ (1973) ಜೊತೆಯಾಗಿ ನೋಡಿ. ಭಾರತೀಸುತರ ಕಾದಂಬರಿ, ಗಂಡನಿಂದ ಸುಖ ಕಾಣದ ಮಾಧವಿಯಾಗಿ ಜಯಂತಿ. ಅವಳ ಒಳಗಿನ ತಳಮಳ ಆ ಜಪಾನಿ ಚಿತ್ರಗಳ ಹತ್ತು ನಿಮಿಷದ ಲೆಕ್ಕಕ್ಕೆ ಸಿಗುವಂಥದ್ದಲ್ಲ.

ಪ್ರಶ್ನೆ: ಹೆಂಡತಿಯ ಮೇಲೆ ಅನುಮಾನವಿದೆ. ಪೊಲೀಸರಿಗೆ ದೂರು ಕೊಡಬಹುದೇ?
– ಓದುಗ, ಸಹಕಾರನಗರ

ಉತ್ತರ: ಇಲ್ಲ. ವ್ಯಭಿಚಾರವನ್ನು ಅಪರಾಧವೆನ್ನುತ್ತಿದ್ದ ಐಪಿಸಿ 497ನೇ ಕಲಮನ್ನು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 27ರಂದು ರದ್ದುಮಾಡಿತು. ಆ ಕಲಮಿನಲ್ಲೂ ಶಿಕ್ಷೆ ಇದ್ದದ್ದು ಪರಪುರುಷನಿಗೆ ಮಾತ್ರ. ವಿಚ್ಛೇದನಕ್ಕೆ ಅದು ಈಗಲೂ ಕಾರಣವಾಗಬಹುದು, ಆದರೆ ನ್ಯಾಯಾಲಯ ಪುರಾವೆ ಕೇಳುತ್ತದೆ. ನಿಮ್ಮ ಪತ್ರದಲ್ಲಿ ಒಂದೂ ಇಲ್ಲ.