ಸಾವಿನ ಸುದ್ದಿಗೆ ಆತುರ ಬೇಡ

ಡೊಂಬಿವಲಿ, ಥಾಣೆ, ನವಿಮುಂಬಯಿಯ ಕನ್ನಡಿಗರೇ, ನಿಮ್ಮ ಆರ್‌ಸಿಬಿ ಅಭಿಮಾನಿಗಳ ವಾಟ್ಸ್‌ಆ್ಯಪ್ ಬಳಗದ ಹಿರಿಯರೊಬ್ಬರು ತೀರಿಕೊಂಡರೆಂದು ಕೇಳಿದೊಡನೆ ಬರೆದು ಹಾಕಬೇಡಿ, ಸ್ವಲ್ಪ ತಡೆಯಿರಿ. 2023ರ ಆಗಸ್ಟ್ 23ರಂದು ಜಿಂಬಾಬ್ವೆಯ ಕ್ರಿಕೆಟಿಗ ಹೀತ್ ಸ್ಟ್ರೀಕ್ ಇನ್ನಿಲ್ಲವೆಂದು ಅವರ ಜೊತೆ ಆಡಿದ್ದ ಹೆನ್ರಿ ಒಲಾಂಗಾ ಅವರೇ ಬರೆದುಬಿಟ್ಟಿದ್ದರು. ಸ್ಟ್ರೀಕ್ ಬದುಕಿದ್ದರು, ತಾವೇ ಸಂದೇಶ ಕಳಿಸಿ ತಿದ್ದಿಸಬೇಕಾಯಿತು. ಅವರು ಅಗಲಿದ್ದು ಸೆಪ್ಟೆಂಬರ್ 3ರಂದು. ಹತ್ತಿರದವರೇ ಎಡವಿದ ಮೇಲೆ ನಮ್ಮ ಪಾಡೇನು?

ಮನೆಯವರಲ್ಲಿ ಒಬ್ಬರನ್ನು ಕೇಳಿ, ಅವರು ಒಪ್ಪಿದ ಮೇಲಷ್ಟೇ ತಿಳಿಸಿ. ಮಗ ಆಗಿನ್ನೂ ಕಲ್ಯಾಣ್ ಲೋಕಲ್‌ನಲ್ಲಿ ಜೋತುಬಿದ್ದು ಮನೆಗೆ ಬರುತ್ತಿರಬಹುದು. ಅಪ್ಪ ಹೋದದ್ದು ಅವನಿಗೆ ನಿಮ್ಮ ಸ್ಟೇಟಸ್‌ನಿಂದ ಗೊತ್ತಾಗಬಾರದು. ಆಸ್ಪತ್ರೆಯ ಹಾಸಿಗೆಯ ಫೋಟೊ ಖಂಡಿತ ಬೇಡ. ಕೆಂಪು ಜೆರ್ಸಿ ತೊಟ್ಟು ನಗುವ ಚಿತ್ರ ಇದ್ದೇ ಇರುತ್ತದಲ್ಲ! ತೀರಿಕೊಂಡವರ ನಂಬರನ್ನು ಬಳಗದಿಂದ ಕೂಡಲೇ ತೆಗೆಯಬೇಡಿ.

ಕೈಮುಗಿದ ಇಮೋಜಿ ನೂರು ಬಂದರೂ ಮನೆಯವರ ಓಡಾಟ ತಪ್ಪದು. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ಮಹಾನಗರಪಾಲಿಕೆ ಕಚೇರಿಗೆ ಜೊತೆಯಲ್ಲಿ ಹೋಗಿಬನ್ನಿ. ನೆಂಟರೆಲ್ಲ ಊರಿಗೆ ಮರಳಿದ ಮೇಲೆ ಮತ್ತೊಮ್ಮೆ ಅವರ ಮನೆಗೆ ಹೋಗಿ. 2025ರ ಜೂನ್ 3ರಂದು ಆರ್‌ಸಿಬಿ ಐಪಿಎಲ್ ಕಪ್ ಗೆದ್ದ ರಾತ್ರಿ ಆ ಹಿರಿಯರು ಬಳಗದಲ್ಲಿ ಬರೆದದ್ದನ್ನು ತೋರಿಸಿ. ಮನೆಯವರು ಅದನ್ನು ಓದಿರುವುದಿಲ್ಲ.